ಮೂರನೆಯ ಗಂಟೆ

೧

ಎಲ್ಲಿಂದ ಶುರು ಮಾಡಲಿ? ಮೊದಲ ಸಲ ಹೀಗೆ ಬರೆದಿದ್ದೆ: "ಸವಾಯಿ ದ್ವೀಪದ ಸಮುದ್ರ ಅಂದು ಶಾಂತವಾಗಿತ್ತು." ಓದಿ ನನಗೇ ಆಕಳಿಕೆ ಬಂತು. ಅಲ್ಲಿ ಒಬ್ಬ ಪಾದ್ರಿ ಜೀಗುಜ್ಜೆ ಮರದ ಕೆಳಗೆ ಕಬ್ಬಿಣದ ಸರಳು ಹಿಡಿದು ನಿಂತಿದ್ದಾನೆ, ಎರಡು ಊರಿನ ಗಂಡಸರು ಮಚ್ಚು ಹಿಡಿದು ಬರುತ್ತಿದ್ದಾರೆ, ನಾನು ಇಲ್ಲಿ ಸಮುದ್ರದ ವರ್ಣನೆ ಮಾಡುತ್ತಾ ಕೂತಿದ್ದೇನೆ! ಅಳಿಸಿದೆ.

ಗಂಟೆಯಿಂದ ಶುರು ಮಾಡೋಣ. (ಗಂಟೆ ಅಂದರೆ ಚರ್ಚಿನ ಗೋಪುರದ ಚಂದದ ಗಂಟೆಯಲ್ಲ. ತಳ ಕತ್ತರಿಸಿ ನೇತುಹಾಕಿದ ಹಳೇ ಗ್ಯಾಸ್ ಸಿಲಿಂಡರ್. ಅದರ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ.) ನಮ್ಮ ಊರುಗಳಲ್ಲಿ ಪ್ರತಿ ಸಂಜೆ ಅದನ್ನು ಮೂರು ಸಲ ಹೊಡೆಯುತ್ತಾರೆ. ಮೊದಲನೆಯದಕ್ಕೆ ಮನೆ ಸೇರಬೇಕು. ಎರಡನೆಯದಕ್ಕೆ ಪ್ರಾರ್ಥನೆಗೆ ಕೂರಬೇಕು. ಮೂರನೆಯದು ಬೀಳುವ ತನಕ ಯಾರೂ ಏಳುವಂತಿಲ್ಲ, ಪಾದ್ರಿಯ ಹೊರತು ಯಾರೂ ಮಾತಾಡುವಂತಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಒಮ್ಮೆ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾಗ ಎರಡನೆಯ ಗಂಟೆ ಬಿತ್ತು. ಹಾಗೇ ಕೂತೆ, ಸೋಪು ಒಣಗಿ ಬಿರುಕು ಬಿಡುವ ತನಕ.

೨

ಈಗ ಪೆನಿನಾ. ಅರವತ್ತೇಳು ವರ್ಷ, ವಿಧವೆ, ಬಾಯಿ ಜೋರು. ಹುಟ್ಟಿದ್ದು ಸಲೆವಾದಲ್ಲಿ, ಮದುವೆಯಾಗಿ ಬಂದದ್ದು ಪಕ್ಕದ ನಮ್ಮೂರು ಫಾಗಲೋತೋಗೆ. ಅವಳ ಮನೆ ಇರುವುದು ಎರಡೂ ಊರುಗಳ ನಡುವಿನ ತುಂಡು ನೆಲದಲ್ಲಿ, ಸಿಹಿನೀರಿನ ಬುಗ್ಗೆಯ ಪಕ್ಕ. ಆ ನೆಲ ತಮ್ಮದು ಅಂತ ಎರಡೂ ಊರು ಹೇಳುತ್ತವೆ. ಇಲ್ಲಿಯ ಮನೆಗಳಿಗೆ ಗೋಡೆಯಿಲ್ಲ, ಬರೀ ಕಂಬ. ಯಾರು ಯಾವಾಗ ಕೂತರು, ಎದ್ದರು, ಎಲ್ಲರಿಗೂ ಕಾಣುತ್ತದೆ. ಯಾವ ಊರಿನ ಗಂಟೆಗೆ ನೀವು ಕೂರುತ್ತೀರೋ ಆ ಊರಿನವರು ನೀವು, ನಿಮ್ಮ ಕಾಲಡಿಯ ನೆಲವೂ ಆ ಊರಿನದು. ಸಲೆವಾದ ಗಂಟೆ ಆರೂಕಾಲಿಗೆ, ಫಾಗಲೋತೋದ್ದು ಆರೂವರೆಗೆ. ನಲವತ್ತು ವರ್ಷದಿಂದ ಪೆನಿನಾ ಎರಡಕ್ಕೂ ಕೂತಿದ್ದಾಳೆ.

ಹೋದ ತಿಂಗಳು ಸಲೆವಾದ ಪಾದ್ರಿ ಬಂದು ಬುಗ್ಗೆಯ ಸುತ್ತ ಬೇಲಿ ಕಂಬ ನೆಡಿಸಿ, ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿಹೋದರು. ನಾಲ್ಕನೇ ದಿನ ಯಾರೋ ಕಂಬ ಕಿತ್ತರು. ಐದನೇ ದಿನ ಯಾರೋ ಪೆನಿನಾಳ ಅಡುಗೆಮನೆಗೆ ಬೆಂಕಿ ಇಟ್ಟರು. (ಯಾರು ಅಂತ ನನಗೆ ಗೊತ್ತು, ಹೇಳುವುದಿಲ್ಲ. ಹೇಡಿ ಅಂತೀರಾ? ಅನ್ನಿ. ನಾಳೆ ಅವರ ಮಕ್ಕಳಿಗೆ ನಾನು ಭಾಗಾಕಾರ ಹೇಳಿಕೊಡಬೇಕು.)

ಫಾಗಲೋತೋ ಸುಮ್ಮನಿರುತ್ತದೆಯೇ? ಯಜಮಾನ ತುಯಿಫಾವ, ಅಂದರೆ ಪೆನಿನಾಳ ಮೈದುನ, ಸಭೆ ಕರೆದ. ಶುಕ್ರವಾರ ನಮ್ಮ ಗಂಟೆಯನ್ನೇ ಒಯ್ದು ಪೆನಿನಾಳ ಜೀಗುಜ್ಜೆ ಮರಕ್ಕೆ ಕಟ್ಟುವುದು. ಸಲೆವಾದವರಿಗಿಂತ ಮೊದಲೇ, ಆರಕ್ಕೆ ಸರಿಯಾಗಿ, ಮೂರು ಸಲ ಹೊಡೆಯುವುದು. ಮೂರೂ ಅಲ್ಲೇ ಮುಗಿದರೆ ನೆಲ ನಮ್ಮದು. ಹೊಡೆಯುವವರು ಯಾರು? ನಮ್ಮೂರ ಪಾದ್ರಿ ಇಯೋಪು.

೩

"ಪಾದ್ರಿಗಳೇ, ಹನ್ನೊಂದು ವರ್ಷದಿಂದ ನಮ್ಮೂರ ಊಟ ಉಣ್ತಿದ್ದೀರಿ. ಭಾನುವಾರ ನಮ್ಮ ಮಕ್ಕಳಿಗಿಂತ ಮೊದಲು ನಿಮ್ಮ ತಟ್ಟೆಗೆ ಮೀನು ಬೀಳುತ್ತೆ."

"ಬೀಳುತ್ತೆ ಯಜಮಾನ್ರೇ. ಅದಕ್ಕೇ ನೋಡಿ ಈ ಹೊಟ್ಟೆ."

"ತಮಾಷೆ ಬೇಡ. ಆ ಕಡೆ ಪಾದ್ರಿ ಬೇಲಿಗೆ ಪ್ರಾರ್ಥನೆ ಮಾಡ್ಲಿಲ್ವಾ? ದೇವರೇನು ಅವರಪ್ಪಂದಾ?"

"ಅವರು ಮಾಡಿದ್ದಕ್ಕೆ ಅಡುಗೆಮನೆ ಹೋಯ್ತು. ನಾನೂ ಮಾಡಿದ್ರೆ ಮನೇನೇ ಹೋಗುತ್ತೆ. ಪಾದ್ರೀನ ಯಾವಾಗ್ಲೂ ಬೇರೆ ಊರಿಂದ ಯಾಕೆ ಕರ್ಕೊಂಡು ಬರ್ತೀರಿ ನೀವು? ಅವನಿಗೆ ಇಲ್ಲಿ ಒಂದು ಗೇಣು ಜಾಗ ಇರಬಾರ್ದು, ಯಾರ ಕಡೇನೂ ವಾಲಬಾರ್ದು ಅಂತ ತಾನೇ?"

"ವಾಲೋದು ಯಾಕೆ? ನೆಟ್ಟಗೆ ನಿಂತ್ಕೊಂಡು ಹೊಡೀರಿ. ಆಗಲ್ಲ ಅಂದ್ರೆ ಸೋಮವಾರ ಟ್ರಕ್ ಕಳಿಸ್ತೀನಿ, ಸಾಮಾನು ತುಂಬ್ಕೊಳ್ಳಿ."

ಇಲ್ಲಿ ನಾನು ಇಯೋಪುವಿನ ಬಾಯಲ್ಲಿ ಎರಡು ಪುಟದ ಭಾಷಣ ಹಾಕಿದ್ದೆ. ಧರ್ಮ ಅಂದರೇನು, ನೆಲ ಅಂದರೇನು, ಎಲ್ಲ ಇತ್ತು. ಬರೆದು ನಾನೇ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಇಯೋಪು ಪುಟದಿಂದ ತಲೆಯೆತ್ತಿ ನೋಡಿದ.

"ಟೀಚರ್, ಇಷ್ಟುದ್ದ ಮಾತಾಡ್ಸಿದ್ದೀರಲ್ಲ, ನನಗೆ ಉಸಿರು ಬೇಡ್ವಾ? ಭಾನುವಾರಾನೇ ನಾನು ಹದಿನೈದು ನಿಮಿಷಕ್ಕೆ ಮುಗಿಸೋನು."

ಎರಡು ಪುಟ ಹೋಯಿತು.

೪

ಮುಕ್ತಾಯಗಳು ನನ್ನ ಹತ್ತಿರ ಎರಡು ತಯಾರಿವೆ, ಬೇಕಾದ್ದು ಆರಿಸಿಕೊಳ್ಳಿ.

(ಅ) ಇಯೋಪು ಒಲ್ಲೆ ಅನ್ನುತ್ತಾನೆ. ಸೋಮವಾರ ಟ್ರಕ್ ಬರುತ್ತದೆ. ಹೊಸ ಪಾದ್ರಿ ಬಂದು ಹೇಳಿದಂತೆ ಹೊಡೆಯುತ್ತಾನೆ. ಪೆನಿನಾಳ ಮನೆ ಸುಡುತ್ತದೆ. ಇಯೋಪುವಿನ ಕೈ ಮಾತ್ರ ಶುದ್ಧ.

(ಆ) ಇಯೋಪು ಮೂರೂ ಹೊಡೆಯುತ್ತಾನೆ. ಸಲೆವಾದವರು ನುಗ್ಗುತ್ತಾರೆ. ಪೆನಿನಾಳ ಮನೆ...

"ನಿಲ್ಲಿಸೇ!" ಪೆನಿನಾ ನನ್ನ ವಾಕ್ಯದೊಳಕ್ಕೇ ಕಾಲಿಟ್ಟಳು. "ಅದರಲ್ಲೂ ಸುಡ್ತೀಯಾ, ಇದರಲ್ಲೂ ಸುಡ್ತೀಯಾ! ಬೆಂಕಿಪೊಟ್ಟಣ ಬಿಟ್ರೆ ನಿನ್ನ ತಲೇಲಿ ಬೇರೇನೂ ಇಲ್ವಾ?"

"ಅಲ್ಲ ಪೆನಿನಾ, ಧರ್ಮದವರು ಜಾಗದ ಜಗಳದಲ್ಲಿ ಪಕ್ಷ ಹಿಡೀಬಾರ್ದು ಅಂತ ತೋರಿಸೋಕೆ..."

"ಅದ್ಯಾವ ಸೀಮೆ ಮಾತು! ಹಿಡೀಲಿ. ಊರಿನ ಪಕ್ಷ ಬೇಡ, ನನ್ನ ಪಕ್ಷ ಹಿಡೀಲಿ. ಅಡುಗೆಮನೆ ಸುಟ್ಟಾಗ ಇಬ್ಬರೂ ಪಾದ್ರಿಗಳು ಬಂದು ದೇವರಿದ್ದಾನೆ ಅಂದ್ರು. ದೇವರಿದ್ದಾನೆ, ಅದು ನಂಗೂ ಗೊತ್ತು. ನೀವೆಲ್ಲಿದ್ರಿ ಅಂತ ಕೇಳ್ದೆ. ಇಬ್ಬರೂ ಕಾಲು ನೋಡ್ಕೊಂಡ್ರು. ನೀನೂ ಅವತ್ತು ಅಲ್ಲೇ ಇದ್ದೆ, ಟೀಚರಮ್ಮ. ನೀನು ಏನು ನೋಡ್ಕೊಂಡೆ?"

ನನಗೆ ನಾಚಿಕೆಯಾಯಿತು. (ಅ)ವನ್ನೂ (ಆ)ವನ್ನೂ ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಹರಿಯುವುದೆಲ್ಲಿ ಬಂತು, ಆದರೂ.)

೫

ಶುಕ್ರವಾರ! ಈಗ ಉಸಿರು ಬಿಗಿ ಹಿಡಿಯಿರಿ, ನಾನಂತೂ ಹಿಡಿದಿದ್ದೇನೆ. ಎಷ್ಟು ಕಂಡದ್ದು, ಎಷ್ಟು ಬರೆದದ್ದು ಅಂತ ದಯವಿಟ್ಟು ಕೇಳಬೇಡಿ.

ನಾನು ಪೆನಿನಾಳ ಚಾಪೆಯ ಮೇಲೆ ಕೂತು ಕೆಸುವಿನೆಲೆಗೆ ತೆಂಗಿನಹಾಲು ಸುರಿದು ಕಟ್ಟು ಕಟ್ಟುತ್ತಿದ್ದೆ. ಅವಳು ಅಂಗಳದ ಬಿಸಿ ಕಲ್ಲುಗಳ ಮೇಲೆ ಅವನ್ನು ಜೋಡಿಸುತ್ತಿದ್ದಳು. ಮೊದಲ ಸಾಲು ಆಗಲೇ ಬೆಂದು ಬುಟ್ಟಿ ಸೇರಿತ್ತು. ಆರಕ್ಕೆ ಸರಿಯಾಗಿ ಇಯೋಪು ಜೀಗುಜ್ಜೆ ಮರಕ್ಕೆ ಕಟ್ಟಿದ ಗಂಟೆಯ ಮುಂದೆ ನಿಂತ. ಇಯೋಪುವಿನ ಎಡಭುಜ ರಗ್ಬಿ ಆಡುವಾಗ ಕಳಚಿದ್ದು, ಬಲಗೈಯಲ್ಲೇ ಸರಳು ಎತ್ತಿದ.

ಠಣ್!

ಸಲೆವಾ ಕಡೆಯಿಂದ ಕೂಗು ಎದ್ದಿತು. ಪೆನಿನಾಳ ತಮ್ಮ ಔಕುಸೊ ಮುಂದೆ, ಹಿಂದೆ ಇಪ್ಪತ್ತು ಜನ, ಕೈಯಲ್ಲಿ ಮಚ್ಚು, ಮರಳಲ್ಲಿ ಓಡೋಡಿ ಬಂದರು. ಈ ಕಡೆಯಿಂದ ತುಯಿಫಾವ ಮತ್ತು ಅವನ ಜನ. ಅವರ ಕೈಯಲ್ಲೂ ಅದೇ.

"ಅಕ್ಕಾ, ಮನೆ ಬಿಟ್ಟು ಈಚೆ ಬಾ!" ಔಕುಸೊ ಕಿರುಚಿದ.

"ನನ್ನ ಮನೆ ಬಿಟ್ಟು ನಾನ್ಯಾಕೋ ಬರ್ಲಿ? ನೀವು ಹೋಗಿ!"

"ಪಾದ್ರಿಗಳೇ, ಹೊಡೀರಿ!" ಅಂದ ತುಯಿಫಾವ.

"ಹೊಡೆದು ನೋಡಿ!" ಅಂದ ಔಕುಸೊ. ಅವನ ಒಂದು ಕಾಲು ಬುಗ್ಗೆ ದಾಟಿತ್ತು.

ಇಯೋಪು ಇಬ್ಬರನ್ನೂ ನೋಡಲಿಲ್ಲ, ಪೆನಿನಾಳನ್ನು ನೋಡಿದ. ನೋಡಿ ಹೊಡೆದ.

ಠಣ್!

ಮತ್ತೆ, ಅಯ್ಯೋ, ಇದನ್ನು ಹೇಗೆ ಬರೆಯಲಿ, ಎಲ್ಲರೂ ಕೂತುಬಿಟ್ಟರು! ತುಯಿಫಾವನ ಜನ ಕೂತರು ಸರಿ, ಅದು ಅವರದೇ ಗಂಟೆ. ಔಕುಸೊ ಕೂಡ ಕೂತ! ಐವತ್ತು ವರ್ಷದಿಂದ ಆ ಸದ್ದಿಗೆ ಮಡಿಚಿಕೊಂಡು ಬಂದ ಮೊಣಕಾಲು, ತಲೆಯನ್ನು ಕೇಳದೆ ಮಡಿಚಿಕೊಂಡಿತು. ಅವನ ಹಿಂದೆ ಇಪ್ಪತ್ತೂ ಜನ ಮರಳಲ್ಲಿ ಚಕ್ಕಳಮಕ್ಕಳ. ಕೂತ ಮೇಲೆ ಹೊಳೆಯಿತು. ಶತ್ರುವಿನ ಗಂಟೆಗೆ ಕೂತಿದ್ದೇವೆ! ಔಕುಸೊನ ಮುಖ ಸುಟ್ಟ ಬದನೆಕಾಯಿಯಂತಾಯಿತು. ತುಯಿಫಾವ ಹಲ್ಲು ಕಿರಿದ. ಇನ್ನೊಂದು ಗಂಟೆ ಬಿದ್ದರೆ ನೆಲ, ಬುಗ್ಗೆ, ಜೀಗುಜ್ಜೆ, ಎಲ್ಲ ಅವನದು.

ಇಯೋಪು ಕೀರ್ತನೆ ಎತ್ತಿದ, ಎಂದಿನಂತೆ ಅಪಸ್ವರದಲ್ಲಿ. ಎರಡೂ ಊರಿಗೆ ಬರುವ ಕೀರ್ತನೆ ಒಂದೇ, ಎಲ್ಲರೂ ಹಾಡಿದರು. ಪ್ರಾರ್ಥನೆಯ ಮಾತುಗಳೂ ಆದವು, ಮೂರನೆಯ ಗಂಟೆ ಮಾತ್ರ ಬಾಕಿ. ಎಲ್ಲರ ಕಣ್ಣು ಸರಳಿನ ಮೇಲೆ.

ಇಯೋಪು ಅದನ್ನು ಬುಗ್ಗೆಗೆ ಎಸೆದ. ಗುಳುಂ ಅಂತ ಮುಳುಗಿತು.

"ನನ್ನನ್ನ ಒಂದು ಪಕ್ಷ ಹಿಡಿ ಅಂದ್ರಿ, ಹಿಡಿದಿದ್ದೀನಿ," ಅಂದ. "ಪೆನಿನಾ ಅಡುಗೆಮನೆಗೆ ಯಾರು ಎಷ್ಟು ಕಂಬ ತರ್ತೀರಿ ಅಂತ ಯೋಚ್ನೆ ಮಾಡಿ. ಅಲ್ಲೀವರೆಗೂ ಪ್ರಾರ್ಥನೆ ಮುಗಿದಿಲ್ಲ."

ಯಾರೂ ಏಳುವಂತಿಲ್ಲ, ಬಯ್ಯುವಂತೆಯೂ ಇಲ್ಲ. ತುಯಿಫಾವ ಕಣ್ಣಲ್ಲೇ ಪಾದ್ರಿಯ ಸಾಮಾನನ್ನು ಟ್ರಕ್ಕಿಗೆ ತುಂಬಿಸಿಬಿಟ್ಟ. ಆರೂಕಾಲಾಯಿತು. ಸಲೆವಾದ ಗಂಟೆ ಬೀಳಲೇ ಇಲ್ಲ, ಹೊಡೆಯುವವನೂ ಔಕುಸೊನ ಹಿಂದೆ ಕೂತಿದ್ದ.

ಆಗ ಪೆನಿನಾ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ಏಳದೆ, ಕೂತಲ್ಲೇ ತೆವಳುತ್ತಾ ಹೊರಟಳು. ಎದ್ದರೆ ತಾನೇ ತಪ್ಪು? ಒಬ್ಬೊಬ್ಬನ ಮುಂದೆಯೂ ಒಂದೊಂದು ಬಿಸಿ ಕಟ್ಟು ಇಟ್ಟಳು. ಬಿಚ್ಚಲು ಎರಡೂ ಕೈ ಬೇಕು.

೬

ಮೊದಲು ಯಾರಿಗೆ ಕೊಟ್ಟಳು, ತಮ್ಮನಿಗಾ, ಮೈದುನನಿಗಾ? ಕೇಳುತ್ತೀರಿ ಅಂತ ಗೊತ್ತಿತ್ತು. ಹೇಳುವುದಿಲ್ಲ.

ಸಂಪಾದಕರು ಫೋನ್ ಮಾಡಿದ್ದರು. "ಮೇಡಂ, ಕಥೆ ಮುಗಿದೇ ಇಲ್ಲ. ಮೂರನೇ ಗಂಟೆ ಹೊಡೆಸಿಬಿಡಿ, ಒಂದೇ ಪದ ತಾನೇ?" ಹೌದು, ಒಂದೇ ಪದ. ಆದರೆ ಅದನ್ನು ಬರೆದ ತಕ್ಷಣ ಅವರೆಲ್ಲ ಎದ್ದು ನಿಲ್ಲುತ್ತಾರೆ. ಎದ್ದವರು ಏನನ್ನು ಕೈಗೆತ್ತಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ಪೆನಿನಾಗೂ ಗೊತ್ತಿಲ್ಲ, ಅವಳ ಮನೆಗೆ ಗೋಡೆಯಿಲ್ಲ.

ಸದ್ಯಕ್ಕೆ ಮಚ್ಚುಗಳು ನೆಲದ ಮೇಲಿವೆ, ಕೈಗಳಲ್ಲಿ ಊಟವಿದೆ. ಅವತ್ತು ನಾನು ಕಾಲು ನೋಡಿಕೊಂಡು ನಿಂತಿದ್ದೆ. ಇವತ್ತು ಆ ಪದವನ್ನು ನಾನು ಬರೆಯುವುದಿಲ್ಲ. ನೀವೂ ಸ್ವಲ್ಪ ಹೊತ್ತು ಕೂತಿರಿ.