ಹೊಳಪನ್ನು ನಂಬದ ಮೂಸುಮಾವ

ನಾಣ್ಯ ಕೈಗೆ ಬಂದರೆ ಯಾರಾದರೂ ಮೊದಲು ಕಣ್ಣಿಗೆ ಹಿಡಿಯುತ್ತಾರೆ. ಅವನು ಮೂಗಿಗೆ ಹಿಡಿಯುತ್ತಿದ್ದ. ಅದಕ್ಕೇ ಬೀದಿಯವರು ಇಟ್ಟ ಹೆಸರು ಮೂಸುಮಾವ. ನಿಂಬೆಯ ಹುಳಿಯೋ, ಸಾಬೂನಿನ ಸುಗಂಧವೋ, ಹಲ್ಲುಜ್ಜುವ ಪೇಸ್ಟಿನ ತಣ್ಣನೆಯ ಘಾಟೋ ಎಳೆಯಷ್ಟು ಉಳಿದಿದ್ದರೂ ಸಾಕು, ನಾಣ್ಯವನ್ನು ಗಾಜಿನ ಮೇಜಿನ ಮೇಲೆ ಎರಡು ಬೆರಳಿನಿಂದ ಹಿಂದಕ್ಕೆ ತಳ್ಳಿ, "ತೊಳೆದಿದ್ದೀರಿ" ಎನ್ನುತ್ತಿದ್ದ. ತಂದವರು "ಇಲ್ಲ ಸಾರ್, ಪೆಟ್ಟಿಗೇಲಿ ಹೀಗೇ ಇತ್ತು" ಎಂದು ಆಣೆ ಹಾಕಿದರೆ, ಕಪಾಟಿನ ಕಡೆ ನೋಡುತ್ತ "ಇರಬಹುದು" ಎನ್ನುವನು. ಅವನ ಬಾಯಲ್ಲಿ ಇರಬಹುದು ಎಂದರೆ ಶುದ್ಧ ಸುಳ್ಳು ಎಂದೇ ಅರ್ಥ. ಇದು ಎಲ್ಲರಿಗೂ ಗೊತ್ತಿತ್ತು.

ಹಳೆಯ ನಾಣ್ಯಗಳ ಅಂಗಡಿ ಅವನದು. ಮಹಡಿ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ಕೋಣೆ. ಬೇಸಿಗೆಯಲ್ಲೂ ಕಳಚದ ಕಂದು ಕೋಟು, ಅದರ ಒಳಜೇಬಿನಲ್ಲಿ ಭೂತಗನ್ನಡಿ, ಆ ಜೇಬಿಗೊಂದು ಸೇಫ್ಟಿ ಪಿನ್ನು. ನಡೆಯುವಾಗ ಗೋಡೆಗೆ ಒತ್ತಿಕೊಂಡೇ ನಡೆಯುತ್ತಿದ್ದ, ಒಂದು ಪಕ್ಕವಾದರೂ ಭದ್ರವಾಗಿರಲಿ ಎಂದು. ಹಾಲಿನವನು ನಕ್ಕರೆ ಹಾಲಿಗೆ ನೀರು ಹಾಕಿದ್ದಾನೆಂದೂ, ನಗದಿದ್ದರೆ ಜಾಸ್ತಿಯೇ ಹಾಕಿದ್ದಾನೆಂದೂ ತೀರ್ಮಾನಿಸುವ ಜೀವ! ಆದರೂ ಆ ಸಂಶಯದ ಬುಡದಲ್ಲಿ ಒಂದು ಶ್ರದ್ಧೆಯಿತ್ತೆಂಬುದನ್ನು ಒಪ್ಪಲೇಬೇಕು. ಬೆಳ್ಳಿಯ ಮೇಲೆ ಕಾಲ ತಾನಾಗಿ ಹಾಸುವ ಮಾಸಲು ಕಪ್ಪೆಂಬುದು ಕೊಳೆಯಲ್ಲ, ಅದು ನಾಣ್ಯದ ಚರ್ಮ. ತಿಕ್ಕಿದರೆ ಹೊಳಪಿನ ಜೊತೆಗೇ ಕೂದಲೆಳೆಯಂಥ ಗೀರುಗಳು ಬರುತ್ತವೆ, ಅಕ್ಷರಗಳ ಅಂಚು ಸವೆಯುತ್ತದೆ, ಹೋದದ್ದು ಮರಳಿ ಬರುವುದಿಲ್ಲ ಎಂಬುದು ಅವನ ಸಿದ್ಧಾಂತ. ತಿಕ್ಕಿದವರಿಗೆ ಮುಚ್ಚಿಡುವುದೇನೋ ಇದ್ದೇ ಇರುತ್ತದೆ ಎಂಬುದು ಅದಕ್ಕೆ ಅವನೇ ಅಂಟಿಸಿಕೊಂಡ ಬಾಲ.

ಅಂಥವನ ಮುಂದೆ ಅವನ ಅಕ್ಕ ಒಂದು ಮಧ್ಯಾಹ್ನ ತೀರಿಕೊಂಡ ಅಪ್ಪನ ಬೆಳ್ಳಿ ನಾಣ್ಯವನ್ನು ತಂದಿಟ್ಟಳು. ಕೊನೆಗಾಲದಲ್ಲಿ ಅಪ್ಪ ಇದ್ದದ್ದು ಅವಳ ಮನೆಯಲ್ಲಿ. ನಾಣ್ಯವೂ ಅಲ್ಲೇ ಉಳಿದಿತ್ತು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅಪ್ಪ, ಸ್ಕ್ರೂಡ್ರೈವರ್ ಕೈಗೆ ಸಿಗದಾಗಲೆಲ್ಲ ಅದರ ಅಂಚಿನಿಂದಲೇ ತಿರುಪು ಬಿಗಿಯುತ್ತಿದ್ದ. ಮೂಸುಮಾವನ ನೆನಪಿನಲ್ಲಿ ಅದು ಇದ್ದಿಲಿನಷ್ಟು ಕಪ್ಪು. ಮೇಜಿನ ಮೇಲಿದ್ದದ್ದು ಹೊಸ ಚಮಚದಂತೆ ಥಳಥಳ.

"ಇದು ಅಪ್ಪಂದಲ್ಲ."

"ಅಪ್ಪಂದೇ ಕಣೋ. ನಿನಗೆ ಕೊಡೋದಲ್ವಾ ಅಂತ ನಿನ್ನೆ ಪೇಸ್ಟ್ ಹಚ್ಚಿ ತಿಕ್ಕಿದೆ. ಬೆರಳು ನೋಯೋವರೆಗೂ ತಿಕ್ಕಿದೀನಿ."

ಅವನು ಮೂಸಿದ. ಪೇಸ್ಟಿನ ವಾಸನೆ ಇತ್ತು, ನಿಜ. ಆದರೆ ಬೇರೆ ನಾಣ್ಯಕ್ಕೂ ಪೇಸ್ಟ್ ಹಚ್ಚಬಹುದಲ್ಲ? ಅಸಲಿಯನ್ನು ಭಾವ ಎಲ್ಲಿಗೋ ದಾಟಿಸಿ, ಗುರುತು ಸಿಗದಿರಲೆಂದು ಇನ್ನೊಂದನ್ನು ಉಜ್ಜಿ ಕಳಿಸಿರಬಹುದಲ್ಲ? ಅಕ್ಕನ ಮುಖ ನೋಡದೆ, ಕಪಾಟಿನ ಕಡೆ ನೋಡುತ್ತ, "ಇರಬಹುದು" ಎಂದ.

ಆ ಮಾತಿನ ಅರ್ಥ ಅಕ್ಕನಿಗೆ ಗೊತ್ತಿಲ್ಲವೇ? ನಾಣ್ಯವನ್ನು ಅಲ್ಲೇ ಬಿಟ್ಟು ಹೋದವಳು ಅವನ ಫೋನು ಎತ್ತುವುದನ್ನೇ ನಿಲ್ಲಿಸಿದಳು. ನನ್ನವರು ಎಂದುಕೊಳ್ಳಲು ಅವನಿಗಿದ್ದದ್ದು ಅವಳೊಬ್ಬಳೇ. ಭಾನುವಾರದ ಊಟವೂ ತಪ್ಪಿತು. ಕಳ್ಳತನವನ್ನು ರುಜುವಾತು ಮಾಡಿಯೇ ತೀರುತ್ತೇನೆಂದು ಒಂದು ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತ. ನಾಣ್ಯದ ಅಂಚಿನ ಒಂದೇ ಒಂದು ಕಡೆ ಹಲ್ಲುಗಳು ನುಣ್ಣಗೆ ಸವೆದು ಸಣ್ಣ ತಗ್ಗಾಗಿತ್ತು. ವರ್ಷಗಟ್ಟಲೆ ತಿರುಪು ತಿರುಗಿಸಿ ಆದ ತಗ್ಗು. ಸಂತೋಷವಾಗಬೇಕಿತ್ತು; ಅಕ್ಕನಿಗೆ ಅಂದ "ಇರಬಹುದು" ನೆನಪಾಯಿತು.

ಆಮೇಲೆ ಅವನು ಮಾಡಿದ ಕೆಲಸವನ್ನು ಬೇರೆ ಯಾರಾದರೂ ಮಾಡಿದ್ದರೆ ಅವರಿಗೆ ತನ್ನ ಅಂಗಡಿಯ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ. ಬೇಯಿಸಿದ ಮೊಟ್ಟೆಯನ್ನು ಹೋಳು ಮಾಡಿ, ನಾಣ್ಯದ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಿದ. ಬೆಳ್ಳಿಗೆ ಸುಳ್ಳು ಮುಪ್ಪು ತರಿಸುವ, ಮೋಸಗಾರರ ಹಳೆಯ ಉಪಾಯ ಅದು. ಮರುದಿನ ಕಪ್ಪೇರಿದ ನಾಣ್ಯವನ್ನು ಅಕ್ಕನ ಅಡುಗೆಮನೆಗೆ ಒಯ್ದು, "ನೋಡಕ್ಕ, ಮೊದಲಿನ ಹಾಗೇ ಆಯ್ತು. ನೀನು ತಿಕ್ಕಿದ್ದರಿಂದ ಏನೂ ಹಾಳಾಗಿಲ್ಲ. ಇದು ಅಪ್ಪಂದೇ, ಅಂಚು ನೋಡಿದೆ" ಎಂದ.

ಅಕ್ಕ ಒಲೆ ಸಣ್ಣ ಮಾಡಿದಳು. "ಅಂಚು ನೋಡಿ ನಂಬಿದೆ ಅನ್ನು."

"ಹೂಂ."

"ನಾನು ಎದುರಿಗೇ ನಿಂತಿದ್ನಲ್ಲೋ. ನನ್ನನ್ನ ನೋಡಿದ್ರೆ ಸಾಕಾಗ್ತಿರಲಿಲ್ವಾ?"

ಅಕ್ಕ ಬೈಯಲಿಲ್ಲ; ಕೂರಿಸಿ ಊಟಕ್ಕೆ ಬಡಿಸಿದಳು, ಸಾಕಾ, ಇನ್ನಷ್ಟು ಹಾಕಲಾ ಎಂದು ನೆಂಟರನ್ನು ಕೇಳುವ ಹಾಗೆ ಎರಡೆರಡು ಸಲ ಕೇಳಿ.

ಸಂಶಯಿಗಳ ಕುಲವೇ ಹೀಗೆ. ಅವರಿಲ್ಲದಿದ್ದರೆ ಪೇಟೆಯ ತುಂಬ ಸುಳ್ಳು ಬೆಳ್ಳಿಯೇ ಓಡಾಡುತ್ತಿತ್ತು; ಆ ಋಣವನ್ನು ಮರೆಯುವಂತಿಲ್ಲ. ಕೆಟ್ಟವರೂ ಅಲ್ಲ, ಪುರಾವೆ ಸಿಕ್ಕಿದ ಮೇಲೆ ಅವರಷ್ಟು ಮನಸಾರೆ ನಂಬುವವರು ಇನ್ನೊಬ್ಬರಿಲ್ಲ. ಆದರೆ ಪುರಾವೆ ಸಿಗುವ ತನಕ ನಾಣ್ಯ ಇದ್ದ ಹಾಗೇ ಇದ್ದು ಕಾಯುತ್ತದೆ. ಮನುಷ್ಯರೂ ಕಾಯುತ್ತಾರೆ, ಕಾದವರು ಮೊದಲಿನವರಾಗಿ ಉಳಿದಿರುವುದಿಲ್ಲ, ಅಷ್ಟೇ.