ತಾನಾಗಿ ಚೆಲ್ಲಿದ ಸಾರು

ಸುಮಾತ್ರದ ಬೆಟ್ಟದ ಸೀಮೆಯ ನಮ್ಮ ಪೇಟೆಯಲ್ಲಿ ಯಾವ ಸಮಾರಂಭವಾದರೂ ಮೈಕಿನ ಮುಂದೆ ನಿಲ್ಲುತ್ತಿದ್ದವರು ರೋಸ್ಮಾನೆಲಿ. ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ‘ಬು ಗುರು’, ಅಂದರೆ ಟೀಚರಮ್ಮ.

ಹೊಸ ಸಂತೆಕಟ್ಟೆಯ ಉದ್ಘಾಟನೆಯ ದಿನ ಜಿಲ್ಲಾ ಮುಖ್ಯಸ್ಥರ ಸಹಾಯಕ ಜುಲ್ಬಹ್ರಿ ಬೆಳಗ್ಗೆಯೇ ಬಂದ. ಬು ಗುರುವಿನ ಹತ್ತಿರವೇ ಓದಿದವನು.

“ಬು ಗುರು, ಸಾಹೇಬ್ರನ್ನ ಬರೀ ಜಾಣರು, ಒಳ್ಳೆಯವರು ಅಂದ್ರೆ ಸಾಲ್ದು. ಒಂದೊಂದು ಮಾತಿನ ಮುಂದೂ ಒಂದೊಂದು ‘ತೆರ್’ ಹಚ್ಚಿ. ಎಲ್ಲರಿಗಿಂತ ಜಾಣರು, ಎಲ್ಲರಿಗಿಂತ ಉದಾರಿ, ಹಂಗೆ.”

“ಹೋದ ಸಲ ಬಂದೋರಿಗೂ ಅದನ್ನೇ ಹೇಳಿಸಿದ್ದೆಯಲ್ಲೋ. ಎಲ್ಲರಿಗಿಂತ ಜಾಣರು ಎಷ್ಟು ಜನ ಇರ್ತಾರೆ?”

“ಕುರ್ಚಿ ಮೇಲೆ ಯಾರು ಕೂತಿರ್ತಾರೋ ಅವ್ರು,” ಎಂದು ಹಲ್ಲುಕಿರಿದ.

ರೋಸ್ಮಾನೆಲಿಗೆ ಹಳಸಿದ ಅನ್ನ ಬಾಯಿಗಿಟ್ಟಂತಾಯಿತು. ಆದರೂ ಒಪ್ಪಿದರು. ಮೈಕು ಬಿಟ್ಟುಕೊಡಲು ಅವರಿಗೂ ಮನಸ್ಸಿರಲಿಲ್ಲ.

ವೇದಿಕೆಯ ಎದುರು, ಜನ ತುಂಬಿದ ತಿರುವಿನಲ್ಲಿ ಸಾಹೇಬರ ಕಾರು ವೇಗ ತಗ್ಗಿಸದೆ ನುಗ್ಗಿತು. ಅನ್ನದ ಕಡುಬು ಮಾರುವ ಮಾರ್ನಿಯ ಮೇಜಿಗೆ ಗುದ್ದಿತು. ಕುದಿಯುವ ತೆಂಗಿನಹಾಲಿನ ಸಾರು ಅವಳ ಎರಡೂ ಕಾಲ ಮೇಲೆ ಸುರಿಯಿತು. ಅವಳು ಕಿರುಚುತ್ತಾ ಕುಸಿದಳು. ಕಾರಿನಿಂದಿಳಿದ ಸಾಹೇಬರು ತಮ್ಮ ಬೂಟಿಗೆ ಮೆತ್ತಿದ ಸಾರನ್ನು ನೋಡಿ ಮೂಗು ಮುರಿದು, ಕಾಲು ಮುಂದೆ ಚಾಚಿದರು. ಒಬ್ಬ ಕರವಸ್ತ್ರ ತೆಗೆದು ಒರೆಸಿದ. ಮಾರ್ನಿಯ ಹತ್ತಿರ ಯಾರೂ ಬಗ್ಗಲಿಲ್ಲ.

ಜುಲ್ಬಹ್ರಿ ವೇದಿಕೆಗೆ ಓಡಿ ಬಂದ. “ಬು ಗುರು, ಜನ ಗುಜುಗುಜು ಅಂತಿದಾರೆ. ಸಾರು ‘ತೆರ್‌ತುಂಪಹ್’ ಅನ್ನಿ, ತಾನಾಗೇ ಚೆಲ್ಲಿಹೋಯ್ತು ಅಂತ. ನೀವೇ ಅಲ್ವಾ ಕಲಿಸಿದ್ದು? ದೊಡ್ಡೋರನ್ನ ಎತ್ತಿ ಹೇಳೋಕೂ ‘ತೆರ್’, ಯಾರೂ ಮಾಡದೆ ಆಗಿಹೋಗೋದಕ್ಕೂ ‘ತೆರ್’.”

ಹೌದು, ಅವರೇ ಕಲಿಸಿದ್ದು. ಯಾರೂ ಮೀರಲಾಗದ್ದಕ್ಕೂ ಯಾರ ಕೈಯಲ್ಲೂ ಇಲ್ಲದ್ದಕ್ಕೂ ಒಂದೇ ಅಕ್ಷರ ಎಂದು ತರಗತಿಯಲ್ಲಿ ಎಷ್ಟು ಹಿಗ್ಗಿನಿಂದ ಹೇಳುತ್ತಿದ್ದರು! ಈಗ ಲವಂಗದ ಸಿಗರೇಟು ನಾರುವ ಬಾಯಿಂದ ಅದನ್ನು ಕೇಳಿ ಅವನನ್ನು ಪಕ್ಕಕ್ಕೆ ಸರಿಸಿದರು.

ಮೈಕು ಹಿಡಿದರು. “ಸಾರು ತಾನಾಗಿ ಚೆಲ್ಲಿಲ್ಲ. ಸಾಹೇಬರ ಕಾರು ಗುದ್ದಿ ಚೆಲ್ಲಿದೆ. ಮಾರ್ನಿ ಕಾಲು ಬೆಂದಿದೆ. ಗಾಡಿ ಇರೋರು ಬೇಗ ಬನ್ನಿ...”

ಮೈಕು ಸತ್ತಿತು. ಆದರೆ ಮೀನು ಮಾರುವವನೊಬ್ಬ ತನ್ನ ವ್ಯಾನು ತಂದ. ಬು ಗುರುವೇ ಮಾರ್ನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೀನಿನ ನೀರಿನಲ್ಲೇ ಕೂತರು. ವ್ಯಾನು ಹೊರಟಾಗ ಮೈಕು ಮತ್ತೆ ಬದುಕಿ, ಜುಲ್ಬಹ್ರಿಯ ದನಿಯಲ್ಲಿ ಸಾಹೇಬರನ್ನು ಮುಗಿಲಿಗೇರಿಸುತ್ತಿತ್ತು.

“ಇನ್ನು ನಿಮ್ಮನ್ನ ಯಾರೂ ಕರೆಯಲ್ಲ ಬು ಗುರು,” ಎಂದಳು ಮಾರ್ನಿ, ನರಳುತ್ತಾ.

“ಬಿಡು. ನೀನು ಕಾಲು ಅಲ್ಲಾಡಿಸ್ಬೇಡ.”

ಅವಳು ಹೇಳಿದಂತೆಯೇ ಆಯಿತು. ಹೆದರಿದ ಜನ ಮದುವೆಗಳಿಗೂ ಅವರನ್ನು ಕರೆಯಲಿಲ್ಲ. ಮಾರ್ನಿ ಕೋಲು ಹಿಡಿದು ನಡೆಯುವಷ್ಟರಲ್ಲಿ ಉಪವಾಸದ ತಿಂಗಳು ಮುಗಿದಿತ್ತು. ಹಬ್ಬದ ದಿನ ಜುಲ್ಬಹ್ರಿ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದು, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವ ವಾಡಿಕೆಯಂತೆ ಗುರುವಿನ ಕೈಗೆ ಹಣೆ ಮುಟ್ಟಿಸಲು ಬಾಗಿದ.

ರೋಸ್ಮಾನೆಲಿ ಕೈ ಹಿಂದಕ್ಕೆಳೆದುಕೊಂಡರು.

“ಮೊದ್ಲು ಮಾರ್ನಿ ಮನೆಗೆ ಹೋಗಿ ಬಾ.”

“ಅಲ್ಲಿಗ್ಯಾಕೆ ಬು ಗುರು?” ಎಂದು ನಿಜವಾಗಿಯೂ ತಿಳಿಯದವನಂತೆ ಕೇಳಿದ.

ಅವರು ಡಬ್ಬಿಯನ್ನು ಅವನ ಕಂಕುಳಿಗೆ ತುರುಕಿ ಬಾಗಿಲು ಹಾಕಿಕೊಂಡರು.