ಗೆರೆಯಿಂದ ಎರಡು ಬೆರಳು ಆಚೆ

ಕೊಂಬುಕ್ ಕೋರುಮ್ ಎಂಬಾತ ದಿಬ್ಬ ಹತ್ತಿ ಬರುವಷ್ಟರಲ್ಲಿ ಹೆಂಗಸರ ರಗ್ಬಿ ಪಂದ್ಯ ಅರ್ಧ ಮುಗಿದಿತ್ತು. ಕುಂಡಿಯಾವಾ ಪೇಟೆಯಿಂದ ಹೊರಟ ಲಾರಿ ಎರಡು ಕಡೆ ಕೆಸರಿನಲ್ಲಿ ಹೂತು, ಉಳಿದ ದಾರಿಯನ್ನು ಆತ ಎಡ ಮಂಡಿಯನ್ನು ಬೈದುಕೊಳ್ಳುತ್ತ ನಡೆದೇ ಬಂದಿದ್ದ. ಒಂದು ಕಾಲಕ್ಕೆ ಈ ಬೆಟ್ಟಗಳ ಸಿಂಬು ಸೀಮೆಯ ರಗ್ಬಿಯಲ್ಲಿ ಅವನಂಥ ಓಟಗಾರ ಇರಲಿಲ್ಲ. ಈಗ ಐವತ್ತೆರಡು ವಯಸ್ಸು. ಕಡಲ ತೀರದ ಲಾಯೆ ಪಟ್ಟಣದ ಹೆಂಗಸರ ತಂಡಕ್ಕೆ ಬೆಟ್ಟಗಳಿಂದ ಆಟಗಾರ್ತಿಯರನ್ನು ಹುಡುಕಿ ಕೊಡುವುದು ಅವನ ಕೆಲಸ.

ಮೈದಾನದ ಅಂಚಿನಲ್ಲಿ ಒಬ್ಬ ಹೆಂಗಸು ಸುಟ್ಟ ಗೆಣಸು ಸುಲಿಯುತ್ತ ಕೂತಿದ್ದಳು. ತಾನು ಕೇಳಿ ಬಂದಿದ್ದ ಹೆಸರು ಹೇಳಿ ಕೊಂಬುಕ್ ಅವಳನ್ನು ವಿಚಾರಿಸಿದ.

"ವೆರೋ ಉಂಬಾ ಅಂದ್ರೆ ಯಾರಮ್ಮ?"

"ಎಲ್ಲರಿಗಿಂತ ಹಿಂದೆ, ಹಂದಿ ಕಾಯೋಳ ಥರ ಒಬ್ಬಳೇ ನಿಂತಿದಾಳಲ್ಲ, ಅವಳೇ. ನನ್ನ ಮಗಳು. ಯಾಕೆ, ಹೆಣ್ಣು ಕೇಳೋಕೆ ಬಂದ್ಯಾ? ನಿನ್ನ ವಯಸ್ಸಿಗೆ ನಾನೇ ಸರಿ."

ಸುತ್ತ ಕೂತವರು ಗೊಳ್ಳೆಂದು ನಕ್ಕರು. ಕೊಂಬುಕ್ ಕೂಡ ನಕ್ಕು, ಅವಳು ಮುರಿದು ಕೊಟ್ಟ ಗೆಣಸನ್ನು ಈಸಿಕೊಂಡ.

ಹತ್ತೊಂಬತ್ತರ ವೆರೋ ಉದ್ದವೂ ಇರಲಿಲ್ಲ, ದಪ್ಪವೂ ಇರಲಿಲ್ಲ. ಮುಂದೆ ಹನ್ನೆರಡು ಜನ ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡುತ್ತಿದ್ದರೆ ಅವಳು ಹಿಂದೆ ತನ್ನಷ್ಟಕ್ಕೆ ಅತ್ತ ನಾಲ್ಕು ಹೆಜ್ಜೆ, ಇತ್ತ ಮೂರು ಹೆಜ್ಜೆ ಅಡ್ಡಾಡುತ್ತಿದ್ದಳು. ಕೊಂಬುಕ್ ಚೆಂಡನ್ನು ಬಿಟ್ಟು ಆ ಹೆಜ್ಜೆಗಳನ್ನೇ ನೋಡಿದ. ಎದುರಾಳಿಗಳಾದ ಹೊಳೆ ಕೆಳಗಿನ ಊರಿನವರು ಚೆಂಡನ್ನು ಒದೆಯುವ ಮೊದಲೇ ಅವಳು ಅದು ಬೀಳುವ ಜಾಗದತ್ತ ಹೊರಟಿರುತ್ತಿದ್ದಳು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

ಅಷ್ಟರಲ್ಲಿ ಮಂಜು ಇಳಿಯಿತು. ಬೆಟ್ಟದ ನೆತ್ತಿಯಿಂದ ಮೆಲ್ಲಗೆ ಜಾರಿ ಬಂದು ಮೊದಲು ಆಚೆ ಬದಿಯ ಕಂಬಗಳನ್ನು ನುಂಗಿತು, ಆಮೇಲೆ ಆಟಗಾರ್ತಿಯರನ್ನು ಒಬ್ಬೊಬ್ಬರಾಗಿ ಒಳಗೆ ಕರೆದುಕೊಂಡಿತು. ಆಟ ನಿಲ್ಲಲಿಲ್ಲ. ಜನ ಮಾತು ನಿಲ್ಲಿಸಿ ಕಿವಿಗೊಟ್ಟು ಕೂತರು. ಬಿಳುಪಿನೊಳಗಿಂದ ಏದುಸಿರು, ಮೈಗೆ ಮೈ ತಾಗಿದ ಸದ್ದು, ಯಾರೋ ಯಾರನ್ನೋ ಕರೆದ ಕೂಗು ಎಲ್ಲ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ವೆರೋಳ ಊರಿನ ತಂಡ ಎರಡು ಅಂಕ ಹಿಂದಿತ್ತು. ಹೊತ್ತು ಮುಗಿಯುತ್ತ ಬಂದಿತ್ತು.

ದಪ್ಪೆಂದು ಚೆಂಡು ಒದ್ದ ಸದ್ದು. ಆಮೇಲೆ ಏನೂ ಇಲ್ಲ. ಚೆಂಡು ಮೇಲೆಲ್ಲೋ ಉಳಿದುಬಿಟ್ಟಿತೇನೋ ಅನ್ನುವಷ್ಟು ಹೊತ್ತು ಏನೂ ಇಲ್ಲ. ಆಗ ಅಂಗೈಗಳು ಚೆಂಡನ್ನು ಅಪ್ಪಿದ ಸಣ್ಣ ಸದ್ದು ಕೇಳಿತು, ಹಿಂದೆಯೇ ಹಗುರ ಕಾಲುಗಳ ಓಟ. ಮಂಜು ಬಿರಿದು ವೆರೋ ಹೊರಬಿದ್ದಳು. ಬೂದಿಯಲ್ಲಿ ಎಳೆದ ಮೈದಾನದ ಅಂಚಿನ ಗೆರೆಯ ಗುಂಟ, ಕೊಂಬುಕ್‌ನಿಂದ ಒಂದು ಮಾರು ದೂರದಲ್ಲಿ, ತನ್ನೊಳಗೇ ನಗುತ್ತ ಹಾದು ಮತ್ತೆ ಬಿಳುಪಿನಲ್ಲಿ ಕರಗಿದಳು. ಅವನಿಗೆ ತಾನು ಎಚ್ಚರವಾಗಿದ್ದೇನೆಯೇ ಎಂದೇ ಅನುಮಾನವಾಯಿತು. ಆದರೆ ಕಣ್ಣು ಹಳೇ ಚಾಳಿ ಬಿಟ್ಟಿರಲಿಲ್ಲ. ಅವಳ ಬಲ ಹಿಮ್ಮಡಿ ಗೆರೆಯಾಚೆ ಊರಿದ್ದನ್ನು ಅದು ಕಂಡಿತ್ತು.

ಕೊನೆಯ ಗೆರೆ ದಾಟಿ ಅವಳು ಚೆಂಡನ್ನು ನೆಲಕ್ಕೊತ್ತಿದ್ದಳು; ಅಲ್ಲಿಗೆ ಅಂಕ, ಅಲ್ಲಿಗೆ ಗೆಲುವು. ಊರಿನವರು ಕುಣಿದರು. ಹೊಳೆ ಕೆಳಗಿನವರು ರೇಗಿದರು.

"ಅಂಚಿನ ಗೆರೆ ತುಳಿದಿದ್ದಾಳೆ! ಅಂಕ ಇಲ್ಲ!"

"ನೀನು ನೋಡಿದ್ಯಾ? ನಿನ್ನ ಮೂಗೇ ನಿನಗೆ ಕಾಣ್ತಿರಲಿಲ್ಲ!"

ರೆಫರಿಯಾಗಿದ್ದ ಮೇಷ್ಟ್ರು ಮಂಜಿನಲ್ಲಿ ಹಿಂದುಳಿದಿದ್ದರು. ಪೆಚ್ಚಾಗಿ ಸುತ್ತ ನೋಡಿ ಕೊಂಬುಕ್‌ನತ್ತ ತಿರುಗಿದರು. "ಅಣ್ಣಾ, ನಿನ್ನ ಪಕ್ಕದಲ್ಲೇ ಹೋದಳಲ್ಲ. ನೀನು ಯಾವ ಊರಿನವನೂ ಅಲ್ಲ, ಹೇಳಿಬಿಡು. ಒಳಗೋ, ಹೊರಗೋ?"

ಒಳಗೆ ಅಂದುಬಿಟ್ಟರೆ ಊರಿಗೆ ಊರೇ ಅವನನ್ನು ಹೆಗಲ ಮೇಲೆ ಹೊತ್ತು, ಹುಡುಗಿಯನ್ನೂ ಜೊತೆಗೆ ಕಳಿಸುತ್ತಿತ್ತು. ಕೊಂಬುಕ್ ಬೂದಿಗೆರೆಯತ್ತ ಕೈ ಮಾಡಿದ.

"ಹೊರಗೆ," ಅಂದ.

ಪಂದ್ಯ ಕೈತಪ್ಪಿತು. ಯಾರೋ ಗೆಣಸಿನ ಸಿಪ್ಪೆ ಎಸೆದರು. ವೆರೋಳ ತಾಯಿ ಎದ್ದು ನಿಂತು, "ನನ್ನ ಗೆಣಸು ತಿಂದು ನನ್ನ ಮಗಳ ಕಾಲೇ ಎಳೆದ್ಯಲ್ಲೋ, ಮುದುಕಾ! ಕಕ್ಕು ಅದನ್ನ!" ಎಂದು ಕೂಗಿದಳು. ಕೊಂಬುಕ್ ತಲೆ ತಗ್ಗಿಸಿ ಇಳಿಜಾರು ಹಿಡಿದ. ಇಂಥ ಆಟಗಾರ್ತಿ ಈ ಜನ್ಮದಲ್ಲಿ ಇನ್ನೊಬ್ಬಳು ಸಿಗಲಾರಳು ಎಂಬುದು ಅವನ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

ಹಿಂದಿನಿಂದ ಬರಿಗಾಲ ಸದ್ದು ಕೇಳಿತು.

"ಎಷ್ಟು ಆಚೆ ಇತ್ತು?" ವೆರೋ ಏದುಸಿರು ಬಿಡುತ್ತಿದ್ದಳು. ಕಣ್ಣಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ.

"ಎರಡು ಬೆರಳು."

"ಸುಳ್ಳು."

"ಬಾ, ಬೂದಿಯಲ್ಲಿ ಗುರುತಿರುತ್ತೆ."

ಇಬ್ಬರೂ ಮರಳಿ ಹತ್ತಿದರು. ಜನ ಚದುರುತ್ತಿದ್ದರು. ಬೂದಿಗೆರೆಯ ಆಚೆ ಒದ್ದೆ ಮಣ್ಣಿನಲ್ಲಿ ಹಿಮ್ಮಡಿ ಮೂಡಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ತನ್ನ ಬೆರಳಿಟ್ಟು ಅಳೆದಳು.

"ಹಾಗಾದ್ರೆ ಕಾಲು ಎಲ್ಲಿಡಬೇಕಿತ್ತು?"

ಕೊಂಬುಕ್ ಬೂಟು ಕಳಚಿದ. ನೋಯುವ ಮಂಡಿಯಲ್ಲೇ, ಇಪ್ಪತ್ತು ವರ್ಷದಿಂದ ಓಡದ ಓಟ ಓಡಿ, ಗೆರೆ ಹತ್ತಿರ ಬಂದಾಗ ಸೊಂಟ ಒಳಕ್ಕೆ ವಾಲಿಸಿ ಕಾಲಿಡುವುದನ್ನು ತೋರಿಸಿದ. ವೆರೋ ನೋಡಿದಳು, ಓಡಿದಳು. ತಪ್ಪಿದಳು, ಮತ್ತೆ ಓಡಿದಳು. ತೆಳುವಾದ ಮಂಜಿನಲ್ಲಿ ಇಬ್ಬರೂ ಕಂಡು, ಮರೆಯಾಗಿ, ಮತ್ತೆ ಕಾಣುತ್ತಿದ್ದರು. ಹೊರಟಿದ್ದ ತಾಯಿ ನಾರಿನಿಂದ ಹೆಣೆದ ಬಿಲುಮ್ ಚೀಲವನ್ನು ತಲೆಯಿಂದ ಇಳಿಸಿ ನೋಡುತ್ತ ನಿಂತಳು. ಹದಿಮೂರನೆಯ ಸಲ ವೆರೋಳ ಕಾಲು ಗೆರೆಯ ಒಳಗೇ ಉಳಿಯಿತು.

"ಇವಳನ್ನ ಆಟಕ್ಕೆ ಕರ್ಕೊಂಡು ಹೋಗೋಕೆ ಬಂದಿದ್ದೀಯಾ?" ತಾಯಿ ಕೇಳಿದಳು.

"ಹೂಂ, ಅಕ್ಕ."

"ಕಾಫಿ ಕೊಯ್ಲು ಮುಗೀಲಿ. ಒಬ್ಬಳನ್ನೇ ಕಳಿಸಲ್ಲ, ನನ್ನ ತಂಗಿ ಜೊತೆ ಬರ್ತಾಳೆ. ಅವಳ ಬಾಯಿ ನನಗಿಂತ ಜೋರು. ತಡ್ಕೋತೀಯಾ?"

"ಸಿಪ್ಪೆ ಎಸೀದಿದ್ರೆ ಸಾಕು."

ಆಗಸ್ಟಿನಲ್ಲಿ ವೆರೋ ಚಿಕ್ಕಮ್ಮನೊಂದಿಗೆ ಲಾಯೆಯಲ್ಲಿ ಇಳಿದಳು. ಕಡಲ ಸೆಖೆಗೆ ಎರಡು ವಾರ ಜ್ವರ ಹಿಡಿದು ಮಲಗಿದಳು. ಎರಡು ಪಂದ್ಯ ಹೊರಗೇ ಕೂತಳು. ಮೂರನೆಯದರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಜಾಗ ಅವಳದಾಯಿತು, ನಾಲ್ಕು ವರ್ಷ ಅವಳದೇ ಆಗಿತ್ತು. ಪಂದ್ಯದ ಮರುದಿನ ಕೊಂಬುಕ್‌ನ ಜಗಲಿಗೆ ಬಂದು, ಕಡಲೆಕಾಯಿ ಸುಲಿಯುತ್ತ, "ಏನೇನು ತಪ್ಪಿದೆ, ಹೇಳು ಮಾವ" ಎನ್ನುವಳು. ಅವನಿಗೆ ತೋರಿಸಲು ತಪ್ಪೇ ಸಿಗದ ದಿನ ಮುಖ ಊದಿಸಿಕೊಂಡು ಎದ್ದು ಹೋಗುವಳು.